ಏಳನೇ ಗ್ರೀನ್‌ಗೆ ಕೊಟ್ಟೆ ಕಟ್ಟಿದ್ದು: ಅಕ್ಟೋಬರ್‌ನಿಂದ ಮೇ ತನಕ

ಈ ಸಲ ಏಳನೇ ಗ್ರೀನ್‌ನಲ್ಲಿ (ಗಾಲ್ಫ್ ಚೆಂಡು ಬೀಳಿಸುವ ಗುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ) ಚಳಿಗಾಲಕ್ಕೆ ಸತ್ತ ಹುಲ್ಲು 35 ಚದರ ಮೀಟರ್ ಮಾತ್ರ. ಅದೂ ನನ್ನ ತಪ್ಪಿನಿಂದ. ಮರೆತುಹೋಗುವ ಮೊದಲು ಎಲ್ಲ ಬರೆದಿಡುತ್ತಿದ್ದೇನೆ.

ನಾನು ಕೆನಡಾದಲ್ಲಿ, ಒಟ್ಟಾವಾ ಹತ್ತಿರದ ಒಂದು ಗಾಲ್ಫ್ ಕೋರ್ಸ್‌ನಲ್ಲಿ ಹುಲ್ಲು ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಊರು ತೀರ್ಥಹಳ್ಳಿ ಕಡೆ, ಮನೆಯಲ್ಲಿ ಅಡಿಕೆ ತೋಟ. ಊರಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ ‘ಹುಲ್ಲು ಕಾಯೋದು’ ಅನ್ನುತ್ತೇನೆ. ದನ ಕಾಯೋದು ಕೇಳಿದ್ದೆವು, ಇದೇನೋ ಮಾರಾಯ ಅಂತ ನಗುತ್ತಾರೆ. ಚಳಿಗಾಲದಲ್ಲಿ ನಿಜಕ್ಕೂ ಕಾಯುವ ಕೆಲಸವೇ.

ಏಳನೇ ಗ್ರೀನ್ ಸುಮಾರು 490 ಚದರ ಮೀಟರ್. ಬಟ್ಟಲಿನ ಹಾಗೆ ತಗ್ಗಾಗಿದೆ. ದಕ್ಷಿಣಕ್ಕೆ 15 ಮೀಟರ್ ಎತ್ತರದ ಪೈನ್ ಮರಗಳ ಸಾಲು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಮಧ್ಯಾಹ್ನದಲ್ಲೂ ಸೂರ್ಯ 21 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ ಎನ್ನಬಹುದು. ಅಷ್ಟು ಎತ್ತರದ ಮರದ ನೆರಳು ಆಗ ಸುಮಾರು 39 ಮೀಟರ್ ಉದ್ದ ಬೀಳುತ್ತದೆ. ಅಂದರೆ ಗ್ರೀನ್ ಇಡೀ ನೆರಳಲ್ಲಿ. ಹುಲ್ಲು ಅರ್ಧಕ್ಕಿಂತ ಜಾಸ್ತಿ ಪೋವಾ ಅನ್ನುವ ಜಾತಿ, ಉಳಿದದ್ದು ಬೆಂಟ್ ಅನ್ನುವ ಜಾತಿ. ಐಸ್ ಕೆಳಗೆ ಸಿಕ್ಕರೆ ಪೋವಾ 45ರಿಂದ 60 ದಿನ ತಡೆದುಕೊಳ್ಳುತ್ತದೆ. ಬೆಂಟ್ 100 ದಿನ ದಾಟಿದರೂ ಬದುಕುತ್ತದೆ. ನಮ್ಮ ಹಣೆಬರಹಕ್ಕೆ ಪೋವಾ.

ಹಿಮ ಬೇರೆ, ಐಸ್ ಬೇರೆ. ಹಿಮ ಕಂಬಳಿ, ಅದು ಬಿದ್ದಷ್ಟೂ ಒಳ್ಳೆಯದು. ಐಸ್ ಅಂದರೆ ಹುಲ್ಲಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ. 2013ರ ಡಿಸೆಂಬರ್ 21-22ರಂದು ಟೊರಾಂಟೊ ಕಡೆ ಬಿದ್ದಲ್ಲೇ ಹೆಪ್ಪುಗಟ್ಟುವ ಐಸ್ ಮಳೆ ಸುರಿದು ವಾರಗಟ್ಟಲೆ ಕರಗದೆ ಕೂತಾಗ, 2014ರ ವಸಂತದಲ್ಲಿ ದಕ್ಷಿಣ ಓಂಟಾರಿಯೊದ ಎಷ್ಟೋ ಕೋರ್ಸ್‌ಗಳಲ್ಲಿ ಗ್ರೀನ್‌ಗಳು ಸತ್ತೇಹೋದವು. ನಮ್ಮ ತಂಡದ ಮುಖ್ಯಸ್ಥರು, ಸೂಪರಿಂಟೆಂಡೆಂಟ್, ಆಗ ಅಲ್ಲಿದ್ದವರು. ಈಗಲೂ ಐಸ್ ಮಳೆ ಅಂದರೆ ಅವರ ಮುಖ ಸಣ್ಣದಾಗುತ್ತದೆ.

ಹೋದ ವಸಂತದಲ್ಲಿ ಏಳನೇ ಗ್ರೀನ್‌ನಲ್ಲಿ 150 ಚದರ ಮೀಟರ್ ಸತ್ತಿತ್ತು. ಹೊಸ ಹುಲ್ಲುಹಾಸು ತಂದು ಹಾಕಿದ್ದಕ್ಕೆ ಕೂಲಿ ಬಿಟ್ಟೇ 2,600 ಡಾಲರ್. ಆಟಗಾರರು ಆರು ವಾರ ಗ್ರೀನ್‌ಗೆ ಹೋಗುವ ಹುಲ್ಲುದಾರಿಯಾದ ಫೇರ್‌ವೇ ಮೇಲಿನ ತಾತ್ಕಾಲಿಕ ಗ್ರೀನ್‌ನಲ್ಲಿ ಆಡಿ ಬೈದುಕೊಂಡರು. ‘ಈ ಸಲ ಏಳನೆಯದು ನಿನ್ನದು’ ಅಂದರು ಸೂಪರಿಂಟೆಂಡೆಂಟ್.

ಅಕ್ಟೋಬರ್ 6: ಮರ, ಕತ್ತರಿ

ಮೊದಲು ಕತ್ತರಿಸುವ ಎತ್ತರ ಏರಿಸಿದೆ. ಬೇಸಿಗೆಯಲ್ಲಿ 3.2 ಮಿಲಿಮೀಟರ್ ಇರುತ್ತದೆ. ಮೂರು ವಾರದಲ್ಲಿ ಸ್ವಲ್ಪಸ್ವಲ್ಪವೇ 4.2ಕ್ಕೆ ತಂದೆ. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಮೂರು ಮಿಲಿಮೀಟರ್ ಎಲೆ ಇಟ್ಟುಕೊಂಡು ಬದುಕುವ ಹುಲ್ಲಿಗೆ ಅದು ಮೂರರಲ್ಲಿ ಒಂದು ಪಾಲು ಜಾಸ್ತಿ ಊಟ.

ಆಗ್ನೇಯ ಮೂಲೆಯ ಆರು ಪೈನ್ ಕಡಿಸಿದೆವು. ನಾನು ಹತ್ತು ಕೇಳಿದ್ದೆ. ಹಳೇ ಸದಸ್ಯರೊಬ್ಬರು ಮರ ಮುಟ್ಟಬೇಡಿ ಅಂತ ಪತ್ರ ಬರೆದರು. ಆರಕ್ಕೆ ರಾಜಿ.

ಅಕ್ಟೋಬರ್ 14-16: ನೀರಿಗೆ ದಾರಿ

ಗ್ರೀನ್ ಮೇಲೆ ವರ್ಷವಿಡೀ ಮರಳು ಹಾಕುತ್ತಿರುತ್ತೇವೆ. ಆ ಮರಳು ಅಂಚಿನಲ್ಲಿ ಸೇರಿ ಸೇರಿ ಗದ್ದೆಯ ಬದುವಿನ ಹಾಗೆ ಏಳುತ್ತದೆ. ಕರಗಿದ ನೀರು ಅದಕ್ಕೆ ತಡೆದು ನಿಲ್ಲುತ್ತದೆ, ರಾತ್ರಿ ಐಸ್ ಆಗುತ್ತದೆ. ಮುಂಭಾಗದ ಎಡಕ್ಕೆ ಈ ಬದು 4 ಸೆಂಟಿಮೀಟರ್ ಎದ್ದಿತ್ತು.

ಹುಲ್ಲುಹಾಸು ಸೀಳುವ ಯಂತ್ರದಲ್ಲಿ 6 ಮೀಟರ್ ಉದ್ದ, 1.4 ಮೀಟರ್ ಅಗಲ ಸೀಳಿ, ಸುರುಳಿ ಸುತ್ತಿ ಬದಿಗಿಟ್ಟೆ. ಕೆಳಗಿನ ಮಣ್ಣು ಕೆರೆದು ತೆಗೆದೆ. ದಾರ ಕಟ್ಟಿ ಮಟ್ಟ ನೋಡಿ, ಮೀಟರಿಗೆ ಒಂದೂವರೆ ಸೆಂಟಿಮೀಟರ್ ಇಳಿಜಾರು ಬರುವ ಹಾಗೆ ಮಾಡಿ ಅದೇ ಹುಲ್ಲನ್ನು ಮತ್ತೆ ಹಾಸಿದೆ. ಬಕೆಟ್‌ನಲ್ಲಿ ನೀರು ಸುರಿದು ನೋಡಿದೆ. ಚೆನ್ನಾಗಿ ಹರಿಯಿತು. ಖುಷಿಯಾಗಿ ವಿಡಿಯೋ ಮಾಡಿ ಅಪ್ಪಯ್ಯನಿಗೆ ಕಳಿಸಿದೆ.

ಸಂಜೆ ಫೋನ್ ಬಂತು. ‘ನೀರು ಹೋಗಕ್ಕೆ ಎಷ್ಟು ಕಡೆ ದಾರಿ ಮಾಡಿದೀಯ?’

‘ಒಂದು ಕಡೆ, ಅಪ್ಪಯ್ಯ.’

‘ಒಂದೇ ಬಸಿಗಾಲುವೆ ಇಟ್ಟು ತೋಟ ಮಾಡೋದು ನಾನಂತೂ ನೋಡಿಲ್ಲ.’

ಇದು ಅಡಿಕೆ ತೋಟವಲ್ಲ, ಇಲ್ಲಿ ಮಳೆಗಾಲವಿಲ್ಲ ಅಂದುಬಿಟ್ಟೆ. ನಾನು ಬಕೆಟ್ ನೀರು ಸುರಿದದ್ದು ಎಡಗಡೆ ಮಾತ್ರ. ಹಿಂಬದಿಯ ಬಲ ಮೂಲೆಯ ಮಟ್ಟವನ್ನು ನೋಡಲೇ ಇಲ್ಲ. ಅಲ್ಲಿ ಬೇಸಿಗೆಯಲ್ಲಿ ನೀರು ನಿಂತದ್ದು ನನಗೆ ನೆನಪಿರಲಿಲ್ಲ. ಬೇಸಿಗೆಯಲ್ಲಿ ನೀರು ಇಂಗುತ್ತದೆ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಸಿಮೆಂಟ್ ಆಗಿರುತ್ತದೆ ಅನ್ನುವುದು ಆಗ ತಲೆಗೆ ಹೋಗಲಿಲ್ಲ. ನನ್ನ ಮೊದಲ ದೊಡ್ಡ ತಪ್ಪು ಇದೇ. ಮುಂದೆ ಮತ್ತೆ ಬರುತ್ತದೆ.

ಅಕ್ಟೋಬರ್ 28-30: ಪೈಪ್ ಊದುವುದು

ನೆಲದೊಳಗಿನ ನೀರಾವರಿ ಪೈಪ್‌ಗಳಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ ಒಡೆಯುತ್ತದೆ. ಬಾಡಿಗೆ ಕಂಪ್ರೆಸರ್ ತಂದು ಗಾಳಿ ಊದಿ ಹೊರಹಾಕಬೇಕು. ಒತ್ತಡ 60 ಪಿಎಸ್‌ಐ ದಾಟದ ಹಾಗೆ ಇಟ್ಟೆವು. ಒಂದೊಂದೇ ಸ್ಪ್ರಿಂಕ್ಲರ್ ತೆರೆದು, ನೀರು ಹೋಗಿ ಬರೀ ಮಂಜಿನಂಥ ತುಂತುರು ಬರುವ ತನಕ ಊದಿ ನಿಲ್ಲಿಸುವುದು. ಆಮೇಲೆ ಇನ್ನೊಂದು ಸುತ್ತು. ಒಂದೇ ಸಲ ಜಾಸ್ತಿ ಹೊತ್ತು ಒಣ ಗಾಳಿ ಬಿಟ್ಟರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಬಿಸಿಯಾಗಿ ಹಾಳಾಗುತ್ತದೆ.

ತಪ್ಪು: ಏಳನೇ ಗ್ರೀನ್ ಹಿಂದೆ ಕೈಪೈಪ್ ಸಿಕ್ಕಿಸುವ ಒಂದು ವಾಲ್ವ್ ಇದೆ. ಎಲೆ ಮುಚ್ಚಿತ್ತು, ಬಿಟ್ಟುಹೋಯಿತು. ಏಪ್ರಿಲ್ 22ರಂದು ನೀರು ಬಿಟ್ಟಾಗ ಅಲ್ಲಿಂದ ಕಾರಂಜಿ ಎದ್ದಿತು. ವಾಲ್ವ್, ಬೆಂಡ್, ಪೈಪ್ ತುಂಡು ಸೇರಿ 190 ಡಾಲರ್, ಅರ್ಧ ದಿನ ಕೆಸರಲ್ಲಿ.

ನವೆಂಬರ್ 10: ಔಷಧಿ

ಹಿಮದ ಕೆಳಗೆ ಬರುವ ಶಿಲೀಂಧ್ರ ಎರಡು ಥರ. ಬೂದು ಬಣ್ಣದ್ದು ಬರಬೇಕಾದರೆ ಎರಡು ತಿಂಗಳಾದರೂ ಹಿಮ ಮುಚ್ಚಿರಬೇಕು. ಗುಲಾಬಿ ಬಣ್ಣದ್ದಕ್ಕೆ ಹಿಮವೇ ಬೇಡ, ಥಂಡಿ ತೇವ ಸಾಕು. ಹಿಮ ಬಿದ್ದ ಮೇಲೆ ಏನೂ ಮಾಡಲಾಗದು. ಬೀಳುವ ಮೊದಲೇ ಹೊಡೆಯಬೇಕು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಹೊಡೆದ ಹಾಗೇ. ಮೈಲುತುತ್ತ, ಸುಣ್ಣ ಕದಡುವುದಿಲ್ಲ ಅಷ್ಟೇ. ಇಲ್ಲಿ ಲೈಸೆನ್ಸ್ ಇದ್ದವರೇ ಹೊಡೆಯಬೇಕು, ಎಷ್ಟು ಹೊಡೆದೆವು ಅಂತ ಬರೆದಿಡಬೇಕು.

ಕೊನೆಯ ಸಲ ಹುಲ್ಲು ಕತ್ತರಿಸಿ, ಎಲೆ ಒಣಗಿದ ಮೇಲೆ 45 ಲೀಟರ್ ನೀರಿಗೆ ಬೆರೆಸಿ ಹೊಡೆದೆ. ಮಧ್ಯದ ಒಂದು ನಾಜಲ್ ಅರ್ಧ ಕಟ್ಟಿಕೊಂಡಿತ್ತು. ಗಮನಿಸಲಿಲ್ಲ. ಮಾರ್ಚ್‌ನಲ್ಲಿ, ಚಳಿಗಾಲಕ್ಕೆ ಹೊದಿಸಿದ್ದ ಕವರ್ ತೆಗೆದಾಗ, ಗ್ರೀನ್ ಉದ್ದಕ್ಕೂ ಅರ್ಧ ಮೀಟರ್ ಅಗಲದ ಒಣಹುಲ್ಲಿನ ಬಣ್ಣದ ಪಟ್ಟಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಔಷಧಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಹೊಡೆಯುವ ಮೊದಲು ಬರೀ ನೀರು ಬಿಟ್ಟು ಎಲ್ಲ ನಾಜಲ್ ನೋಡಿದ್ದರೆ ಐದು ನಿಮಿಷದ ಕೆಲಸ.

ನವೆಂಬರ್ 14: ಅವಸರದ ಕವರ್

ಹವಾಮಾನ ವರದಿಯಲ್ಲಿ ಹಿಮ ಬರುತ್ತದೆ ಅಂತ ಇತ್ತು. ಗಾಬರಿಯಾಗಿ ಕವರ್ ಎಳೆದುಬಿಟ್ಟೆವು. ಹಿಮ ಬರಲಿಲ್ಲ. 16, 17ನೇ ತಾರೀಕು ಬಿಸಿಲು ಬಂದು 13 ಡಿಗ್ರಿ ಆಯಿತು. ನೀರು-ಗಾಳಿ ಹೋಗದ ಕವರ್ ಅದು. ಒಳಗೆ ಕೈ ಹಾಕಿದರೆ ಬೆವರು ಬಂದ ಹಾಗೆ ಒದ್ದೆ, ಬೆಚ್ಚಗೆ. ಹುಲ್ಲು ಚಳಿಗೆ ಸಿದ್ಧವಾಗುವ ಹೊತ್ತಲ್ಲಿ ನಾನು ಅದಕ್ಕೆ ಹಂಡೆ ಒಲೆ ಹಚ್ಚಿದ್ದೆ. 17ರ ಸಂಜೆ ತೆಗೆಯಲು ಹೋದರೆ ಗಾಳಿ ಎದ್ದು ಕವರ್ ಹಾಯಿಯಂತೆ ಉಬ್ಬಿತು. ಇಬ್ಬರನ್ನು ಬಂಕರ್ ಅನ್ನುವ ಮರಳುಗುಂಡಿಯವರೆಗೆ ಎಳೆದುಕೊಂಡು ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ, ನಗೆಪಾಟಲಾಯಿತು ಅಷ್ಟೇ. ಕವರ್ 150 ಕೆಜಿ ಹತ್ತಿರ ಇದೆ. ಗಾಳಿ ಇಲ್ಲದ ಬೆಳಗ್ಗೆ, ಆರು ಜನ ಇದ್ದರೆ ಮಾತ್ರ ಮುಟ್ಟಬೇಕು.

ನವೆಂಬರ್ 20: ಮರಳು

3 ಮಿಲಿಮೀಟರ್ ದಪ್ಪಕ್ಕೆ ಒಣ ಮರಳು, ಒಂದೂವರೆ ಘನ ಮೀಟರ್, ಸುಮಾರು 2.3 ಟನ್. ಎಲೆ ತುದಿ ಕಾಣಬೇಕು, ಬುಡ ಮುಚ್ಚಬೇಕು. ಬೇರೂ ಎಲೆಯೂ ಸೇರುವ ಆ ಬುಡ ಉಳಿದರೆ ಹುಲ್ಲು ಉಳಿದ ಹಾಗೆ. ಬ್ರಷ್ ಎಳೆಯಲಿಲ್ಲ, ಹಾಗೇ ಬಿಟ್ಟೆ.

ನವೆಂಬರ್ 27: ಈ ಸಲ ಸರಿಯಾಗಿ

ಮೂರು ರಾತ್ರಿ ಸತತ ಮೈನಸ್ 6ರ ಹತ್ತಿರ. ಬೆಳಗ್ಗೆ ಮೇಲ್ಮಣ್ಣು ಗಟ್ಟಿ. ಇದೇ ಸಮಯ.

ಮೊದಲು, ಆಮೇಲೆ ಒಳಗೆ ಗಾಳಿ ಊದಲು, ತೂತಿರುವ 100 ಮಿಲಿಮೀಟರ್ ಬಸಿ ಪೈಪ್, ಐದು ಸಾಲು, ಸಾಲಿಗೆ 26 ಮೀಟರ್. ಒಂದೊಂದರ ಒಂದು ತುದಿ ಕವರ್‌ನಿಂದ ಹೊರಗೆ. ಅದರ ಮೇಲೆ 26ಕ್ಕೆ 30 ಮೀಟರ್ ಕವರ್. ಸುತ್ತ 15 ಸೆಂಟಿಮೀಟರ್ ಆಳದ ಕಾಲುವೆ ತೋಡಿ ಅಂಚನ್ನು ಹೂತು, ಮಣ್ಣು ತುಳಿದು, ಮೇಲೆ 90 ಮರಳು ಚೀಲ. ಪೈಪ್ ಬಾಯಿಗೆ ಜಾಲರಿ, ಇಲಿ ಹೋಗದ ಹಾಗೆ. ಇಲ್ಲಿ ವೋಲ್ ಅಂತ ಗಿಡ್ಡ ಬಾಲದ ಇಲಿ ಇದೆ. ಹಿಮದ ಕೆಳಗೆ ಸುರಂಗ ಮಾಡಿ ಹುಲ್ಲನ್ನು ಬುಡಕ್ಕೇ ಮೇಯುತ್ತದೆ.

ಹಿಂಬದಿಯ ಬಲಕ್ಕೆ ಅಗೆಯುವಾಗ ಪೈನ್ ಬೇರು ಅಡ್ಡ ಬಂತು. ಅಲ್ಲಿ 5 ಸೆಂಟಿಮೀಟರ್‌ಗೇ ನಿಲ್ಲಿಸಿ, ಸುಮ್ನೆ ಚೀಲ ಜಾಸ್ತಿ ಹೇರಿದೆ. ಮಧ್ಯಾಹ್ನ ಮೂರೂವರೆ ಆಗಿತ್ತು, ಕತ್ತಲಾಗುತ್ತಿತ್ತು, ಕೈ ಮರಗಟ್ಟಿತ್ತು. ಕೊಡಲಿ ತರಲು ಶೆಡ್‌ಗೆ ಹೋಗಲು ಬೇಜಾರು. ಎರಡನೇ ದೊಡ್ಡ ತಪ್ಪು ಇದು, ಮೊದಲನೆಯದರ ಪಕ್ಕದಲ್ಲೇ.

ಖರ್ಚು ಈ ತನಕ: ಕವರ್ 2,800, ಪೈಪ್ ಎರಡು ಸುರುಳಿ 220, ಚೀಲ 120, ಮರಳು 160, ಔಷಧಿ 60. ಒಟ್ಟು 3,360 ಡಾಲರ್. ಕವರ್ ಕೆಲವು ವರ್ಷ ಬರುತ್ತದೆ.

ಅಂದು ರಾತ್ರಿ ಫೋಟೋ ನೋಡಿ ಅಪ್ಪಯ್ಯ, ‘ಕೊಟ್ಟೆ ಕಟ್ಟಿದ ಹಾಗೆ ಕಾಣತ್ತೆ’ ಅಂದರು. ಮಳೆಗಾಲದಲ್ಲಿ ನೆನೆಯದ ಹಾಗೆ ಅಡಿಕೆ ಕೊನೆಗೆ ಕಟ್ಟುವ ಹೊದಿಕೆಯೇ ಕೊಟ್ಟೆ. ನಾನು ಚಿಕ್ಕವನಿದ್ದಾಗ ಹಾಳೆಯದು, ಆಮೇಲೆ ಪ್ಲಾಸ್ಟಿಕ್ ಬಂತು.

ಡಿಸೆಂಬರ್ 20ರಿಂದ: ಗಾಳಿ ಊಡುವುದು

ಕವರ್ ಕೆಳಗೆ ಹುಲ್ಲೂ ಮಣ್ಣೊಳಗಿನ ಜೀವಗಳೂ ಉಸಿರಾಡುತ್ತಲೇ ಇರುತ್ತವೆ. ಆಮ್ಲಜನಕ ಇಳಿಯುತ್ತದೆ. ಪಂಪ್‌ಹೌಸ್ ಗುಂಡಿಗೆ ಇಳಿಯುವಾಗ ಬಳಸುವ ಗ್ಯಾಸ್ ಮೀಟರ್ ತಂದು ಪೈಪ್ ಬಾಯಿಗೆ ಹಿಡಿದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9. ಪೈಪ್‌ನಲ್ಲಿ 20.1. ಎಲೆ ಊದುವ ಯಂತ್ರ ಸಿಕ್ಕಿಸಿ ಪ್ರತಿ ಪೈಪ್‌ಗೆ ಹತ್ತು ನಿಮಿಷ. ಊದುವಾಗ ಒಂದು ಪೈಪ್ ಬಿಟ್ಟು ಒಂದಕ್ಕೆ ಊದಬೇಕು, ಪಕ್ಕದ್ದು ತೆರೆದಿರಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಹೋಗುವುದೆಲ್ಲಿಗೆ?

ಕ್ರಿಸ್‌ಮಸ್ ರಜೆಯಲ್ಲಿ 40 ಸೆಂಟಿಮೀಟರ್ ಹಿಮ ಬಿತ್ತು. ಜನವರಿ 3ಕ್ಕೆ ಹೋದರೆ ಪೈಪ್ ಬಾಯಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಗುರುತು ಹಾಕಿರಲಿಲ್ಲ. ಎರಡು ಗಂಟೆ ಸಲಿಕೆಯಲ್ಲಿ ಹುಡುಕಿದೆ. ಈಗ ಪ್ರತಿ ಬಾಯಿಗೂ ಎರಡು ಮೀಟರ್ ಬಿದಿರು ಕೋಲು, ಕೆಂಪು ಪಟ್ಟಿ.

ಜನವರಿ 9: ಐಸ್ ಮಳೆ

ಬೆಳಗ್ಗೆ 4 ಡಿಗ್ರಿ, ಮಳೆ. ಹಿಮವೆಲ್ಲ ನೀರು ಕುಡಿದ ಹತ್ತಿಯಾಯಿತು. ಸಂಜೆ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ. ರಾತ್ರಿ ಮೈನಸ್ 15. ಮಾರನೇ ದಿನ ಕವರ್ ಇಲ್ಲದ ನಾಲ್ಕನೇ ಗ್ರೀನ್ ಮೇಲೆ 5 ಸೆಂಟಿಮೀಟರ್ ಐಸ್, ಗಾಜಿನ ಹಾಗೆ, ಕೆಳಗೆ ಹುಲ್ಲು ಕಾಣುತ್ತಿತ್ತು. ಶೆಡ್‌ನ ಕ್ಯಾಲೆಂಡರ್‌ನಲ್ಲಿ ‘1’ ಅಂತ ಬರೆದೆ. ಅಲ್ಲಿಂದ ದಿನ ಎಣಿಕೆ.

ಏಳನೆಯದರಲ್ಲಿ ಐಸ್ ಕವರ್ ಮೇಲೆ ಕೂತಿತ್ತು. ಅದರಿಂದ ತೊಂದರೆಯಿಲ್ಲ. ಜನವರಿ 24ಕ್ಕೆ ಗ್ಯಾಸ್ ಮೀಟರ್ 18.2 ತೋರಿಸಿ ಕೂಗಿಕೊಂಡಿತು, 19.5ಕ್ಕಿಂತ ಇಳಿದರೆ ಕೂಗುತ್ತದೆ. ಊದಿದ ಮೇಲೆ ನಾಲ್ಕು ಪೈಪ್ 20.6ಕ್ಕೆ ಬಂದವು. ಐದನೆಯದು, ಬಲ ತುದಿಯದು, ಗಾಳಿಯನ್ನೇ ತೆಗೆದುಕೊಳ್ಳಲಿಲ್ಲ. ಹಿಮ ಕಟ್ಟಿರಬೇಕು ಅಂದುಕೊಂಡು ಬಿಟ್ಟೆ. ಪೈಪ್ ತುಂಬ ಐಸ್ ಇತ್ತು ಅಂತ ಗೊತ್ತಾದದ್ದು ಮಾರ್ಚ್‌ನಲ್ಲಿ.

ಫೆಬ್ರವರಿ 11: ಅಡುಗೆಮನೆ ಕಿಟಕಿ

ಐಸ್‌ನ 33ನೇ ದಿನಕ್ಕೆ ಹುಲ್ಲು ಬದುಕಿದೆಯೋ ಇಲ್ಲವೋ ನೋಡಲು ಮಾದರಿ ತೆಗೆದೆ. ಹ್ಯಾಮರ್ ಡ್ರಿಲ್‌ಗೆ 10 ಸೆಂಟಿಮೀಟರ್ ಗರಗಸದ ಬಟ್ಟಲು, 45 ಡಾಲರ್. ನಾಲ್ಕನೆಯದರಿಂದ ಮೂರು ಬಿಲ್ಲೆ. ಏಳನೆಯದರಲ್ಲಿ ಕವರ್‌ನ ಎಡ ಅಂಚು ಸ್ವಲ್ಪ ಎತ್ತಿ ಎರಡು. ಎಡ ಅಂಚೇ ಯಾಕೆ? ಅದು ಸುಲಭವಾಗಿ ಎದ್ದಿತು ಅದಕ್ಕೆ. ಮಾದರಿಯನ್ನು ಕೆಟ್ಟ ಜಾಗದಿಂದ ತೆಗೆಯಬೇಕು, ಸುಲಭದ ಜಾಗದಿಂದಲ್ಲ.

ಮನೆಗೆ ತಂದು ಕಿಟಕಿಯಲ್ಲಿ ಕರಿಬೇವಿನ ಕುಂಡದ ಪಕ್ಕ ಇಟ್ಟೆ. ‘ಗಾಲ್ಫ್ ಕೋರ್ಸ್ ಮಣ್ಣು ಇಡ್ಲಿ ತಟ್ಟೆಯಲ್ಲಿ ಯಾಕೆ?’ ಅಂತ ಹೆಂಡತಿ ಕೇಳಿದ್ದು ನ್ಯಾಯವೇ. ಹತ್ತು ದಿನದಲ್ಲಿ ಏಳನೆಯದರ ಎರಡೂ ಹಸಿರಾದವು. ನಾಲ್ಕನೆಯದರಲ್ಲಿ ಎರಡು ಹಸಿರು, ಒಂದು ಅರ್ಧಂಬರ್ಧ.

ಫೆಬ್ರವರಿ 19: ನಾಲ್ಕನೆಯದರ ಐಸ್ ತೆಗೆದದ್ದು

41ನೇ ದಿನ. ಇನ್ನು ಕಾಯುವುದು ಬೇಡ ಅಂದರು ಸೂಪರಿಂಟೆಂಡೆಂಟ್. ಮೇಲಿನ ಹಿಮ ತೆಗೆದು, ಐಸ್ ಮೇಲೆ ಕಪ್ಪು ಮರಳು ತೆಳ್ಳಗೆ ಎರಚಿದೆವು. ಗಾಳಿ ಮೈನಸ್ 3 ಇದ್ದರೂ ಬಿಸಿಲಿಗೆ ಕಪ್ಪು ಕಾದು ಐಸ್‌ನಲ್ಲಿ ಜೇನುಗೂಡಿನ ಥರ ತೂತು ಬಿದ್ದವು. ಎರಡು ಗಂಟೆಗೆ ಸಲಿಕೆಯಿಂದ ಹಲಗೆ ಹಲಗೆಯಾಗಿ ಎದ್ದಿತು. ಆದರೆ ಕರಗಿದ ನೀರು ಮುಂಭಾಗದ ತಗ್ಗಿನಲ್ಲಿ ಉಳಿಯಿತು. ನಾಳೆ ಗುಡಿಸೋಣ ಅಂದುಕೊಂಡೆವು. ರಾತ್ರಿ ಮೈನಸ್ 14. ನೀರು ಕುಡಿದು ಉಬ್ಬಿದ್ದ ಬುಡ ಹಾಗೇ ಹೆಪ್ಪುಗಟ್ಟಿ ಒಳಗಿಂದ ಸೀಳಿತು. 41 ದಿನ ಐಸ್ ತಡೆದುಕೊಂಡ ಹುಲ್ಲು ಒಂದೇ ರಾತ್ರಿಯಲ್ಲಿ, ಆ ತಗ್ಗಿನಲ್ಲಿ ಮಾತ್ರ, ಹೋಯಿತು. ತೆಗೆದ ದಿನವೇ ಕೊನೆಯ ಹನಿಯವರೆಗೆ ನೀರು ತಳ್ಳಿ ಆಚೆ ಹಾಕಲಾಗದಿದ್ದರೆ ಐಸ್ ಮುಟ್ಟಲೇಬಾರದಿತ್ತು.

ಮಾರ್ಚ್ 27: ಕವರ್ ತೆಗೆದದ್ದು

ಮೋಡದ ದಿನ ನೋಡಿಕೊಂಡು ತೆಗೆದೆವು. ನಾಲ್ಕು ತಿಂಗಳು ಕತ್ತಲಲ್ಲಿದ್ದ ಹುಲ್ಲಿಗೆ ಒಮ್ಮೆಲೇ ಬಿಸಿಲು ಆಗದು. ಎಡಗಡೆ ಸುರುಳಿ ಬಿಚ್ಚುತ್ತ ಬಂದರೆ ಹಸಿರು, ಹಸಿರು. ಯಾರೋ ಚಪ್ಪಾಳೆ ತಟ್ಟಿದರು. ಹಿಂಬದಿಯ ಬಲಕ್ಕೆ ಬರುವಾಗ ವಾಸನೆ. ಕೆಟ್ಟ ಮಜ್ಜಿಗೆಯೂ ಕೊಳೆತ ಅಡಿಕೆ ಸಿಪ್ಪೆಯೂ ಸೇರಿದ ಹುಳಿ ವಾಸನೆ. ಗಾಳಿಯಿಲ್ಲದೆ ಸತ್ತ ಹುಲ್ಲಿನದು ಅದೇ ವಾಸನೆ ಅಂತ ಸೂಪರಿಂಟೆಂಡೆಂಟ್ ಮೂಗು ಮುಚ್ಚಿಕೊಂಡೇ ಹೇಳಿದರು. ಕವರ್ ಕೆಳಗೆ 3 ಸೆಂಟಿಮೀಟರ್ ಐಸ್. ಜನವರಿ 9ರ ನೀರು ಹಿಂದಿನ ಇಳಿಜಾರಿನಿಂದ ಬಂದು, ಬೇರಿನ ಹತ್ತಿರ ಅರೆಬರೆ ಹೂತ ಅಂಚಿನಡಿ ನುಗ್ಗಿ, ಆಚೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು. ಅಳೆದರೆ 35 ಚದರ ಮೀಟರ್.

ಉಳಿದಂತೆ ನಾಜಲ್ ಪಟ್ಟಿ, ಮತ್ತು ಹಿಮದ ಭಾರಕ್ಕೆ ಪೈಪ್‌ಗಳು ಒತ್ತಿ ಮೂಡಿದ ಐದು ತಗ್ಗು ಗೆರೆ. ಗೆರೆಗಳು ಎರಡು ಸಲ ರೋಲರ್ ಓಡಿಸಿ, ಮರಳು ಹಾಕಿದ ಮೇಲೆ ಹೋದವು. ಇಲಿ ಬರಲಿಲ್ಲ. ಜಾಲರಿ ಒಂದು ನಾನು ಸರಿಯಾಗಿ ಮಾಡಿದ ಕೆಲಸ.

ಏಪ್ರಿಲ್ 24ರಿಂದ: ತೇಪೆ

ಸತ್ತ ಜಾಗದ ಅಂಚಿನಿಂದ ಒಳಗೆ, ತೇಪೆಗೆಂದೇ ಹುಲ್ಲು ಬೆಳೆಸುವ ನರ್ಸರಿ ಗ್ರೀನ್‌ನಿಂದ ತೆಗೆದ 23 ಚದರ ಮೀಟರ್ ಹುಲ್ಲುಹಾಸು ಕೂರಿಸಿದೆ. ಅಷ್ಟೇ ಇದ್ದದ್ದು. ಉಳಿದ 12ಕ್ಕೆ ಬೆಂಟ್ ಬೀಜ. ಮೊದಲ ಸಲ ಏಪ್ರಿಲ್ 25ಕ್ಕೇ ಬಿತ್ತಿದೆ, ಮಣ್ಣು 7 ಡಿಗ್ರಿ ಇತ್ತು. ಎರಡು ವಾರ ಏನೂ ಮೊಳೆಯಲಿಲ್ಲ, ಅರ್ಧ ಬೀಜ ಮಳೆಗೆ ಕೊಚ್ಚಿಹೋಯಿತು. ಮೇ 9ಕ್ಕೆ ಮಣ್ಣು 13 ಆದ ಮೇಲೆ ಮತ್ತೆ ಬಿತ್ತಿ, ಗಾಳಿ ಆಡುವ ಹಳೇ ತೆಳು ಕವರ್ ಹೊದಿಸಿದೆ. ಒಂಬತ್ತನೇ ದಿನ ಹಸಿರು ಕೂದಲು ಕಂಡಿತು.

ಇವತ್ತು ಮೇ 28. ಏಳನೇ ಗ್ರೀನ್ ಆಟಕ್ಕೆ ತೆರೆದಿದೆ, ಆದರೆ ಗುಳಿಯನ್ನು ಬಲ ಹಿಂಬದಿಗೆ ಇಡುತ್ತಿಲ್ಲ. ಅಲ್ಲಿ ಮಟ್ಟ ಅಳೆದು ನೀಲಿ ಬಾವುಟ ಮೂರು ನೆಟ್ಟಿದ್ದೇನೆ. ಬದು 3 ಸೆಂಟಿಮೀಟರ್ ಎದ್ದಿದೆ. ಸೆಪ್ಟೆಂಬರ್‌ನಲ್ಲಿ ಸೀಳಿ ದಾರಿ ಬಿಡಿಸಬೇಕು, ಪೈನ್ ಬೇರು ಕಡಿಯಬೇಕು. ಕೊಡಲಿ ಈಗಲೇ ಗಾಡಿಯಲ್ಲಿ ಹಾಕಿಟ್ಟಿದ್ದೇನೆ. ಬಾವುಟದ ಫೋಟೋ ಅಪ್ಪಯ್ಯನಿಗೆ ಕಳಿಸಿದೆ. ಇನ್ನೂ ನೋಡಿಲ್ಲ. ಮಳೆ ಹತ್ತಿರ ಬಂತಲ್ಲ, ಬೋರ್ಡೋ ಹೊಡೆಯುವವರು ಬಂದಿರಬೇಕು.